ಕೈಯಲ್ಲಿದ್ದದ್ದು ಸೋಪು

“ಮೂಗು ಬಿದ್ದೋಗಿದೆಯೇನ್ರೇ ನಿಮ್ಗೆ? ಹಳೇ ಸಾಹೇಬ್ರ ವಾಸ್ನೆ ಇನ್ನೂ ಹಂಗೇ ಹೊಡೀತಿದೆ. ಹನ್ನೊಂದಕ್ಕೆ ಹೊಸಬ್ರು ಬಂದು ಕೂರ್ತಾರೆ. ಉಜ್ರೇ, ದರಿದ್ರ ಮುಂಡೇವಾ,” ಎಂದ ಸೂಪರ್‌ವೈಸರ್, ಬೂಟು ಒದ್ದೆಯಾಗದಂತೆ ಬಾಗಿಲಾಚೆಯೇ ನಿಂತು.

ಸಂಪಾದಕರ ಕೋಣೆಯನ್ನು ನಾವು ಅದಾಗಲೇ ಎರಡು ಸಲ ಉಜ್ಜಿಯಾಗಿತ್ತು. ನಾನು ಕಿಟಕಿಯ ಕಡೆ, ಅಕ್ಕ ಮೇಜಿನ ಕೆಳಗೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ಅಣ್ಣ ತಮ್ಮ ಇಬ್ಬರೂ ನಮ್ಮನ್ನು ಕಟ್ಟಿಕೊಂಡು ಹತ್ತು ವರ್ಷ ತುಂಬುವ ಮೊದಲೇ ಒಬ್ಬರ ಹಿಂದೊಬ್ಬರು ಹೊರಟುಹೋದರು. ಹಾಗಾಗಿ ಮುಂಡೆ ಎಂದರೆ ನಮಗದು ಬೈಗುಳವಲ್ಲ, ಬರೀ ಸುದ್ದಿ. ಆ ಕಟ್ಟಡದಲ್ಲಿ ಅಷ್ಟು ಕರಾರುವಾಕ್ಕಾದ ಸುದ್ದಿ ಬೇರೆ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಹಳೇ ಸಂಪಾದಕರು ದಿನಾ ಬೆಳಿಗ್ಗೆ ಸರ್ಕಾರವನ್ನು ಬೈಯುತ್ತಿದ್ದವರು. ಹೊಸಬರು ಬೈಯುವವರಲ್ಲ ಎಂದು ಅವರು ಬರುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಮಾಲೀಕರು ಇಬ್ಬರಿಗೂ ಒಬ್ಬರೇ. ಅವರಿಗೂ ಮಂತ್ರಿಗಳಿಗೂ ಈಚೆಗೆ ನೆಂಟಸ್ತನ ಕುದುರಿತ್ತು. ಪೇಪರು ಎಡಕ್ಕಿದ್ದದ್ದು ಬಲಕ್ಕೆ ವಾಲಿತು ಎಂದು ಮೇಲಿನ ಮಹಡಿಯವರು ಮುಖ ಇಳಿಬಿಟ್ಟುಕೊಂಡು ಮಾತಾಡಿಕೊಳ್ಳುತ್ತಿದ್ದರು. ನಾವು ಎರಡು ಕಡೆಯೂ ಒರೆಸುವವರು. ಪೇಪರು ಯಾರ ಕಡೆಗಿದೆ ಎಂದು ತಿಳಿಯಲು ನಾವು ಅದನ್ನು ಓದಬೇಕಿರಲಿಲ್ಲ, ಕಸದ ಬುಟ್ಟಿ ನೋಡಿದರೆ ಸಾಕಿತ್ತು. ಹಳಬರ ಬುಟ್ಟಿಯಲ್ಲಿ ಮಂತ್ರಿಗಳ ಕಚೇರಿಯ ಮುದ್ರೆಯಿದ್ದ ಕಾಗದಗಳು ಉಂಡೆಯಾಗಿ ಬಿದ್ದಿರುತ್ತಿದ್ದವು. ಹೊಸಬರು ಬಂದ ಮೊದಲ ವಾರವೇ ಅದೇ ಬುಟ್ಟಿಗೆ ಯೂನಿಯನ್ನುಗಳ ಕಾಗದ ಬೀಳತೊಡಗಿತು. ಬುಟ್ಟಿಯನ್ನೂ ಬದಲಿಸಲಿಲ್ಲ, ಅದನ್ನು ಎತ್ತುವವರನ್ನೂ ಬದಲಿಸಲಿಲ್ಲ.

“ಆ ಫೋಟೋನೂ ಇಳ್ಸಿ,” ಎಂದ ಅವತ್ತು ಸೂಪರ್‌ವೈಸರ್.

ಗೋಡೆಯ ಮೇಲೆ ಆಳೆತ್ತರದ ಫೋಟೋ ಒಂದಿತ್ತು. ಒಬ್ಬ ಹೆಂಗಸು. ಕೆದರಿದ ಕೂದಲು, ಅಗಲಕ್ಕೆ ತೆರೆದ ಬಾಯಿ, ಮುಷ್ಟಿ ಬಿಗಿದ ಬಲಗೈ ತಲೆಗಿಂತ ಮೇಲಕ್ಕೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಹಸಿದವರ ಕೂಗು’ ಎಂದು ಬರೆದಿತ್ತು. ಎರಡು ವರ್ಷದ ಹಿಂದೆ ಮುಖಪುಟದಲ್ಲಿ ಬಂದು, ಪ್ರಶಸ್ತಿ ಹೊಡೆದು, ಕಟ್ಟು ಹಾಕಿಸಿಕೊಂಡು ಗೋಡೆ ಏರಿದ್ದ ಫೋಟೋ ಅದು. ಆ ಹೆಂಗಸು ಅಕ್ಕನೇ. ತನ್ನ ಮುಖದ ಮೇಲಿನ ಗಾಜನ್ನು ತಾನೇ ದಿನಾ ಒರೆಸುತ್ತಿದ್ದಳು. ಒಂದು ದಿನ ಹಳೇ ಸಂಪಾದಕರು ಕನ್ನಡಕದ ಮೇಲಿಂದ ನೋಡಿ, “ಹುಷಾರಮ್ಮ, ಬೆಲೆ ಬಾಳೋ ಚಿತ್ರ ಅದು” ಎಂದಿದ್ದರೇ ಹೊರತು, ಒರೆಸುವ ಮುಖಕ್ಕೂ ಒರೆಸಿಕೊಳ್ಳುವ ಮುಖಕ್ಕೂ ಏನಾದರೂ ಸಂಬಂಧ ಇದ್ದೀತೇ ಎಂದು ಯೋಚಿಸಿರಲಿಲ್ಲ. ಅಕ್ಕನೂ ಬಾಯಿ ಬಿಟ್ಟಿರಲಿಲ್ಲ. ಹೇಳಿಕೊಂಡರೆ ಅದಕ್ಕೂ ಒಂದು ಕೆಲಸ ಹಚ್ಚುತ್ತಾರೆ ಎಂಬುದು ಅವಳ ಎಣಿಕೆ.

ಆ ಫೋಟೋದಲ್ಲಿ ನಾನಿಲ್ಲ. ಆದರೆ ಅವಳು ಕೂಗಿದ್ದು ನನ್ನನ್ನೇ. ಅವತ್ತು ಮೂರು ದಿನದ ಮೇಲೆ ನಮ್ಮ ಬೀದಿ ನಲ್ಲಿಗೆ ನೀರು ಬಂದಿತ್ತು. ಅಕ್ಕ ಬಟ್ಟೆ ಒಗೆಯುತ್ತಾ ಸರದಿ ಹಿಡಿದಿದ್ದಳು. ಕೊಡ ತರಲು ಹೋದ ನಾನು ಪಕ್ಕದ ಮನೆಯವಳ ಜೊತೆ ಹರಟೆಗೆ ನಿಂತುಬಿಟ್ಟಿದ್ದೆ. “ಎಲ್ಲಿ ಸತ್ತೋದ್ಯೇ, ಹಾಳಾದೋಳೇ, ನೀರು ನಿಂತೋಗ್ತದೆ, ಕೊಡ ತಾರೇ” ಎಂದು ಅವಳು ಕೈಯೆತ್ತಿ ಅರಚಿದಳು. ಮುಷ್ಟಿಯಲ್ಲಿದ್ದದ್ದು ಬಟ್ಟೆ ಸೋಪಿನ ತುಂಡು. ಕೆಳಗಿಟ್ಟರೆ ಯಾರಾದರೂ ಎತ್ತಿಕೊಂಡಾರೆಂದು ಬಿಗಿಯಾಗಿ ಹಿಡಿದಿದ್ದಳು. ಪೇಪರಿನವನು ಅದೇ ಹೊತ್ತಿಗೆ ಕ್ಲಿಕ್ಕಿಸಿಕೊಂಡು ಹೋದ. ಹಸಿವು ಇರಲಿಲ್ಲ ಎನ್ನಲಾರೆ, ಅದು ಮನೆಮಗಳ ಹಾಗೆ ನಮ್ಮಲ್ಲೇ ಇರುತ್ತದೆ. ಆದರೆ ಅವತ್ತಿನ ಕೂಗು ಕೊಡಕ್ಕೆ.

ಫೋಟೋವನ್ನು ಇಳಿಸಿ ಸ್ಟೋರ್ ರೂಮಿನಲ್ಲಿ ಮುರಿದ ಕುರ್ಚಿಗಳ ಹಿಂದೆ ನಿಲ್ಲಿಸಿದೆವು.

“ಅಂತೂ ಒಂದು ಕೆಲ್ಸ ಕಮ್ಮಿ ಆಯ್ತು,” ಎಂದಳು ಅಕ್ಕ.

ಅದಾಗಿ ತಿಂಗಳಾಗಿರಲಿಲ್ಲ. ನಾನು ಏಳನೇ ಕ್ಲಾಸು ಓದಿದವಳು, ಬೆಳಗಿನ ಟೀ ಹೊತ್ತಿಗೆ ಮೆಟ್ಟಿಲ ಕೆಳಗೆ ಕೂತು ನಮ್ಮವರಿಗೆಲ್ಲ ಪೇಪರು ಓದಿ ಹೇಳುತ್ತಿದ್ದೆ. ಅವತ್ತು ಮಡಿಕೆ ಬಿಡಿಸಿದರೆ ಮುಖಪುಟದಲ್ಲಿ ಅಕ್ಕ. ಅದೇ ಬಾಯಿ, ಅದೇ ಕೈ. ಸುತ್ತಲಿದ್ದ ನಲ್ಲಿಯನ್ನೂ ಬಕೆಟುಗಳನ್ನೂ ಕತ್ತರಿಸಿ ತೆಗೆದಿದ್ದರು. ಮುಷ್ಟಿಯ ಸುತ್ತ ಕೆಂಪು ಉಂಗುರ ಬರೆದಿದ್ದರು. ಕೆಳಗೆ, ‘ಅಳತೆಗೆ ಹೋದ ಅಧಿಕಾರಿಗಳ ಮೇಲೆ ಕಲ್ಲೆತ್ತಿದ ಅತಿಕ್ರಮಣಕಾರರು’. ಮೂಲೆಯಲ್ಲಿ, ಇರುವೆ ತಲೆಯಷ್ಟು ಅಕ್ಷರದಲ್ಲಿ, ‘ಸಂಗ್ರಹ ಚಿತ್ರ’.

ಅಳತೆಗೆ ಬಂದದ್ದು ನಿಜ. ನಮ್ಮ ಶೀಟಿನ ಎಂಬತ್ತು ಮನೆಗಳಿರುವ ಜಾಗ ಯಾರಿಗೋ ಬೇಕಾಗಿತ್ತು, ಅದಕ್ಕೆ ನಗರಸಭೆಯವರು ಹಿಂದಿನ ವಾರ ಟೇಪು ಹಿಡಿದು ಬಂದಿದ್ದರು. ಕಲ್ಲು ಯಾರೂ ಎತ್ತಿರಲಿಲ್ಲ. ಅವರ ಆಳೊಬ್ಬ ಬಂದಿರಲಿಲ್ಲವೆಂದು ಟೇಪಿನ ಇನ್ನೊಂದು ತುದಿಯನ್ನು ನಮ್ಮ ಗಂಡಸರೇ ಹಿಡಿದುಕೊಟ್ಟಿದ್ದರು. ನಮ್ಮವರು ಅಷ್ಟು ಒಳ್ಳೆಯವರು, ಅಥವಾ ಅಷ್ಟು ದಡ್ಡರು.

“ಏನಂತೆ?” ಎಂದಳು ಅಕ್ಕ.

“ನೀನು ಕಲ್ಲೆತ್ತಿದ್ಯಂತೆ.”

ಅವಳು ಪುಟವನ್ನು ಕಣ್ಣ ಹತ್ತಿರ ತಂದುಕೊಂಡು ನೋಡಿದಳು. “ಅದು ಅವತ್ತೇ ಕರಗಿ ಮೋರಿಗೆ ಹೋಯ್ತಲ್ಲೇ. ಎರಡ್ ವರ್ಷ ಆದ್ಮೇಲೆ ಕಲ್ಲಾಯ್ತಾ?”

ನಾವೆಲ್ಲ ನಕ್ಕೆವು. ಟೀ ಮುಗಿಯುವ ತನಕ ನಕ್ಕೆವು. ಸಂಜೆ ನಮ್ಮ ಕಡೆಯ ವಕೀಲರನ್ನು ನೋಡಿ ಬಂದ ಮೇಲೆ ಯಾರ ಬಾಯಲ್ಲೂ ನಗು ಉಳಿಯಲಿಲ್ಲ. ಸೋಮವಾರ ಕೋರ್ಟಿನಲ್ಲಿ ನಮ್ಮ ಮನೆಗಳ ವಿಚಾರಣೆ. ನಗರಸಭೆಯವರು ಆ ಪುಟವನ್ನೇ ಜಡ್ಜಿನ ಮುಂದಿಡುತ್ತಾರಂತೆ. ಕಲ್ಲು ಹೊಡೆಯುವವರಿಗೆ ಕಾಲಾವಕಾಶ ಯಾಕೆ ಎಂದು ಕೇಳುತ್ತಾರಂತೆ. “ತಪ್ಪಾಯ್ತು ಅಂತ ಪೇಪರಿನೋರೇ ನಾಲ್ಕು ಸಾಲು ಹಾಕಿದ್ರೆ ಬಚಾವ್. ಇಲ್ಲಾಂದ್ರೆ ಬುಲ್ಡೋಜರ್ ಬರೋ ಮುಂಚೆ ಪಾತ್ರೆಪಗಡ ಎತ್ತಿಟ್ಕೊಳ್ಳಿ,” ಎಂದು ವಕೀಲರು ಎದ್ದರು.

ಫೋಟೋ ಹಾಕಿಸಿದವರೇ ಸತ್ಯ ಹೇಳಲಿ ಎಂದು ನಾವು ಮೊದಲು ಹಳೇ ಸಂಪಾದಕರ ಮನೆಗೆ ಹೋದೆವು. ಗೇಟಿನ ಒಳಗೆ ಬಿಟ್ಟುಕೊಂಡರು, ಮೆಟ್ಟಿಲ ಮೇಲೆ ಬಿಡಲಿಲ್ಲ. ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಅದೇ ಪುಟ. ಕಣ್ಣು ಕೆಂಪಾಗಿತ್ತು. ನಮಗಾಗಿ ಅತ್ತಿದ್ದಾರೆ ಎಂದುಕೊಂಡು ನನ್ನ ಹೊಟ್ಟೆ ತಣ್ಣಗಾಯಿತು.

“ನೋಡಿದ್ರಾ, ನನ್ನ ಚಿತ್ರಾನ ಏನ್ ಮಾಡಿದಾರೆ ಅಂತ? ಹೇಳಿಲ್ಲ ಕೇಳಿಲ್ಲ, ಕತ್ತರಿಸಿ ಹಾಕಿದಾರೆ. ಹಾಲು ಕುಡಿದ ಮನೆಗೇ ಹಲ್ಕಟ್ ಕೆಲಸ,” ಎಂದರು.

“ಸಾರ್, ಅದು ನಾನೇ,” ಎಂದಳು ಅಕ್ಕ.

ಅವರು ಪುಟ ನೋಡಿದರು, ಅಕ್ಕನನ್ನು ನೋಡಿದರು. ಏಳೆಂಟು ವರ್ಷ ತಮ್ಮ ಮೇಜು ಒರೆಸಿದವಳ ಮುಖವನ್ನು ಆವತ್ತು ಮೊದಲ ಸಲ ಓದಿದರು. “ಅರೆ,” ಎಂದರು. ಆಮೇಲೆ ಉತ್ಸಾಹ ಬಂತು. ತಾವೊಂದು ಹೊಸ ಪತ್ರಿಕೆ ಶುರುಮಾಡುವುದಾಗಿಯೂ, ಮುಂದಿನ ತಿಂಗಳು ಅದರ ಸಭೆಯಲ್ಲಿ ಅಕ್ಕ ಹಾಗೆಯೇ ಕೈಯೆತ್ತಿ ವೇದಿಕೆ ಮೇಲೆ ನಿಲ್ಲಬೇಕೆಂದೂ ಹೇಳಿದರು.

“ಮುಂದಿನ ತಿಂಗ್ಳು ನಮ್ಗೆ ನಿಲ್ಲೋಕೇ ಜಾಗ ಇರಲ್ಲ ಸಾರ್. ಈ ಸೋಮವಾರದೊಳಗೆ ನೀವೊಂದು ಕಾಗ್ದ ಬರ್ಕೊಡಿ ಸಾಕು. ಅದು ಎರಡ್ ವರ್ಷದ ಹಿಂದಿಂದು, ನಲ್ಲಿ ಹತ್ರ ತೆಗ್ದಿದ್ದು, ನಾನು ಕೊಡ ಕೇಳ್ತಿದ್ದೆ, ಕೈಯಲ್ಲಿದ್ದದ್ದು ಸೋಪು ಅಂತ.”

“ಸೋಪಾ?”

“ಬಟ್ಟೆ ಸೋಪು ಸಾರ್.”

ಸಂಪಾದಕರು ಮಡಿಲಲ್ಲಿದ್ದ ಪುಟವನ್ನು ಮಡಚಿದರು. ಆಮೇಲೆ ದನಿ ತಗ್ಗಿಸಿ, “ಅದನ್ನ ಯಾರ ಹತ್ರಾನೂ ಹೇಳ್ಬೇಡಮ್ಮ. ಆ ಮುಷ್ಟಿಗೆ ಪ್ರಶಸ್ತಿ ಬಂದಿದೆ,” ಎಂದರು.

ಕಾಗದ ಬರೆದುಕೊಡಲಿಲ್ಲ. ಬೀದಿ ತಿರುವಿನಲ್ಲಿ ಅಕ್ಕ, “ಬೋಳಿಮಗ ಒಳ್ಳೇವ್ನೇ. ಆದ್ರೆ ನನ್ ಕೈಲಿರೋದು ಏನು ಅಂತ ಅವ್ನೇ ಹೇಳ್ಬೇಕಂತೆ,” ಎಂದಳು.

ಉಳಿದದ್ದು ಹೊಸ ಸಂಪಾದಕರು. ಶನಿವಾರ ಬೆಳಿಗ್ಗೆ ನೆಲ ಒರೆಸುತ್ತಲೇ ಅವರ ಕೋಣೆಗೆ ಹೋಗಿ ಕೇಳುವುದೆಂದು ಮಾಡಿಕೊಂಡೆವು. ಅಷ್ಟರಲ್ಲಿ ಮೆಟ್ಟಿಲ ಕೆಳಗಿನ ನಮ್ಮ ನಗು ಮೇಲಿನ ಮಹಡಿಗೂ ಮುಟ್ಟಿತ್ತೋ ಏನೋ, ಸೂಪರ್‌ವೈಸರೇ ಓಡಿಬಂದ. “ಸಾಹೇಬ್ರು ಕರೀತಿದಾರೆ. ಪೇಪರಲ್ಲಿ ಬಂದೋಳು ನೀನಂತಲ್ಲೇ, ಬೇವಾರ್ಸಿ? ಕಲ್ಲು ಹೊಡ್ಯೋಳನ್ನ ಕೆಲ್ಸಕ್ಕಿಟ್ಕೊಂಡಿದೀನಿ ಅಂತ ನನ್ ಹೊಟ್ಟೇಗೂ ಕಲ್ಲು ಹಾಕ್ತೀಯಾ?” ಎಂದು ದಾರಿಯುದ್ದಕ್ಕೂ ಬೈಯುತ್ತಾ ಕರೆದುಕೊಂಡು ಹೋಗಿ, ಬಾಗಿಲು ತೆರೆಯುವಾಗ ಮುಖಕ್ಕೆ ನಗು ಹಾಕಿಕೊಂಡ.

ಹೊಸ ಸಂಪಾದಕರು ಎದ್ದು ನಿಂತರು. ಸುಳ್ಳು ಹೇಳಬಾರದು, ಎದ್ದೇ ನಿಂತರು. “ಕೂತ್ಕೊಳ್ಳಿ ಅಮ್ಮ,” ಎಂದರು. ಎಷ್ಟೋ ವರ್ಷದಿಂದ ಒರೆಸಿದ ಕುರ್ಚಿಯಲ್ಲಿ ಅಕ್ಕ ಅವತ್ತು ಮೊದಲ ಸಲ ಕೂತಳು, ತುದಿಯಲ್ಲಿ. ನನಗೆ ಯಾರೂ ಹೇಳಲಿಲ್ಲ. ನಾನು ಬಾಗಿಲ ಬಳಿ ಬಕೆಟ್ ಇಟ್ಟು ನಿಂತೆ.

“ನೀವು ನಮ್ಮ ಮನೆಯವರೇ ಅಂತ ಗೊತ್ತಿರ್ಲಿಲ್ಲ. ತಪ್ಪಾಗಿದೆ. ಸರಿ ಮಾಡೋಣ. ನಾಳೆಯ ಪೇಪರಲ್ಲೇ ತಿದ್ದುಪಡಿ ಹಾಕೋಣ,” ಎಂದು ಟೈಪು ಮಾಡಿದ ಕಾಗದವೊಂದನ್ನು ಮುಂದೆ ಸರಿಸಿ, ಇಂಕಿನ ಡಬ್ಬಿ ತೆರೆದಿಟ್ಟರು. “ಇಲ್ಲಿ ಹೆಬ್ಬೆಟ್ಟು.”

ನನ್ನ ಕಣ್ಣಲ್ಲಿ ನೀರು ಬಂತು. ಎಂಬತ್ತು ಮನೆ ಉಳಿಯಿತು ಎಂದುಕೊಂಡೆ.

“ನೀನು ಓದೇ,” ಎಂದಳು ಅಕ್ಕ, ನನ್ನ ಕಡೆ ತಿರುಗದೆ.

ಸಂಪಾದಕರು ಆಗ ನನ್ನನ್ನು ನೋಡಿದರು. “ಇವ್ರು ಓದ್ತಾರಾ?” ಎಂದರು. ಸೂಪರ್‌ವೈಸರ್ ಮುಖ ಹುಳ್ಳಗೆ ಮಾಡಿಕೊಂಡ. ನಾನು ಕೈ ಒರೆಸಿಕೊಂಡು ಹೋಗಿ ಕಾಗದ ತೆಗೆದುಕೊಂಡು, ಟೀ ಹೊತ್ತಿನಲ್ಲಿ ಓದುವ ಹಾಗೆಯೇ ಜೋರಾಗಿ ಓದಿದೆ. ‘ನಾನು ಬಡವಳು, ಅನಕ್ಷರಸ್ಥೆ. ಈ ಪತ್ರಿಕೆಯ ಹಿಂದಿನ ಸಂಪಾದಕರು ನನಗೆ ಆಮಿಷ ಒಡ್ಡಿ, ಸರ್ಕಾರದ ವಿರುದ್ಧ ಕೈಯೆತ್ತುವಂತೆ ಮಾಡಿದರು. ಕಲ್ಲು ಕೊಟ್ಟವರೂ ಅವರ ಕಡೆಯವರೇ. ಈಗ ನನಗೆ ಪಶ್ಚಾತ್ತಾಪವಾಗಿದೆ. ನಮ್ಮ ಕಾಲೋನಿಯವರೆಲ್ಲರೂ ಸ್ವಂತ ಇಚ್ಛೆಯಿಂದ ಜಾಗ ತೆರವು ಮಾಡಲು ಒಪ್ಪಿದ್ದೇವೆ.’

ಕೊನೆಯ ಸಾಲನ್ನು ಎರಡು ಸಲ ಓದಬೇಕಾಯಿತು.

“ನಿಮಗೇನೂ ತೊಂದ್ರೆ ಇಲ್ಲಮ್ಮ,” ಎಂದರು ಸಂಪಾದಕರು ಮೆತ್ತಗೆ. “ನಿಮ್ಮ ಕೆಲ್ಸ ಪರ್ಮನೆಂಟ್. ಊರಾಚೆ ಹೊಸ ಕ್ವಾರ್ಟರ್ಸ್ ಆಗ್ತಿದೆ, ಅದ್ರಲ್ಲಿ ಒಂದು ಮನೆ ನಿಮ್ಮ ಹೆಸರಿಗೆ. ಮಾಲೀಕರ ಹತ್ರ ಮಾತಾಡಿದೀನಿ.”

“ಉಳಿದೋರಿಗೆ?”

“ನಿಮ್ಮದು ಮೊದಲು ಆಗ್ಲಿ.”

ಸುಳ್ಳು ಯಾಕೆ ಹೇಳಲಿ, ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಒತ್ತಿಬಿಡುತ್ತಿದ್ದೆನೋ ಏನೋ. ಸೋರದ ಸೂರು, ಮನೆಯೊಳಗೇ ನಲ್ಲಿ. ಅಕ್ಕನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವಳು ನನ್ನ ಕಡೆ ತಿರುಗಲಿ ಎಂದು ಕಾದೆ. ತಿರುಗಲಿಲ್ಲ. ಇನ್ನು ಇವಳೂ ಅವರ ಕಡೆಯವಳೇ ಎಂದುಕೊಂಡು ಮನಸ್ಸಿನಲ್ಲೇ ಕೆಟ್ಟದಾಗಿ ಬೈದೆ. ಆ ಬೈಗುಳಕ್ಕೆ ಈಗಲೂ ನಾಚಿಕೆಯಾಗುತ್ತದೆ.

“ಇದ್ರಲ್ಲಿ ಸೋಪು ಎಲ್ಲಿದೆ ಸಾರ್?” ಎಂದಳು ಅಕ್ಕ.

“ಏನು?”

“ನನ್ ಕೈಲಿದ್ದದ್ದು ಸೋಪು. ಅದು ಬರೀರಿ. ಮಿಕ್ಕಿದ್ದು ಬೇಡ.”

ಸಂಪಾದಕರು ನಕ್ಕರು. ಒಳ್ಳೆಯ ನಗುವೇ. “ಸೋಪು ಸುದ್ದಿ ಅಲ್ಲಮ್ಮ.”

“ಅಲ್ವಾ,” ಎಂದಳು ಅಕ್ಕ. ಹೆಬ್ಬೆರಳನ್ನು ಇಂಕಿನ ಡಬ್ಬಿಗೆ ಅದ್ದಿ, ಎರಡು ಸಲ ಚೆನ್ನಾಗಿ ಹೊರಳಿಸಿದಳು. ಸೂಪರ್‌ವೈಸರ್ ಸಮಾಧಾನದ ಉಸಿರು ಬಿಟ್ಟ. ಅಕ್ಕ ಟೈಪು ಮಾಡಿದ ಕಾಗದವನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಬಿಡಿಸಿಟ್ಟಿದ್ದ ಮುಖಪುಟವನ್ನು ಹತ್ತಿರ ಎಳೆದುಕೊಂಡು, ಅದರಲ್ಲಿನ ತನ್ನ ತೆರೆದ ಬಾಯಿಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಬಾಯಿ ಪೂರ್ತಿ ಮುಚ್ಚಿಹೋಯಿತು.

“ಅವ್ರು ಹಸಿವು ಅಂತ ತುರುಕಿದ್ರು, ನೀವು ಕಲ್ಲು ಅಂತ ತುರುಕಿದ್ರಿ. ಇನ್ ಸಾಕು,” ಎಂದಳು.

“ಏ, ಕತ್ತೆ ಮುಂಡೆ,” ಎಂದು ಸೂಪರ್‌ವೈಸರ್ ಮುಂದೆ ಬಂದ. ಸಂಪಾದಕರು ಕೈಯೆತ್ತಿ ತಡೆದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಇನ್ನೂ ನಗುತ್ತಲೇ ಇದ್ದರು.

“ಅದು ಬರೀ ಕಾಗದ ಅಮ್ಮ. ನಿಮ್ಮ ಫೋಟೋ ಕಂಪ್ಯೂಟರಲ್ಲಿದೆ. ನಾಳೆನೂ ಹಾಕ್ಬಹುದು, ಮುಂದಿನ ವರ್ಷಾನೂ ಹಾಕ್ಬಹುದು. ಕೆಳಗೆ ಏನು ಬೇಕಾದ್ರೂ ಬರೀಬಹುದು. ಮನೆಗೆ ಹೋಗಿ ಯೋಚನೆ ಮಾಡಿ.”

ಅಕ್ಕ ಗಾಜಿನ ಗೋಡೆಯ ಆಚೆ ನೋಡಿದಳು. ಉದ್ದದ ಹಾಲು, ಸಾಲು ಸಾಲು ಮೇಜು, ಪ್ರತಿ ಮೇಜಿಗೂ ಒಂದೊಂದು ಕಂಪ್ಯೂಟರ್.

“ಅಷ್ಟೊಂದಿವೆಯಲ್ಲ ಸಾರ್. ಯಾವ್ದ್ರಲ್ಲಿದೆ?” ಎಂದು ಕೇಳಿದಳು, ಮಕ್ಕಳು ಕೇಳುವ ಹಾಗೆ.

ತಿಳಿಯದವರಿಗೆ ತಿಳಿಸಿ ಹೇಳುವುದು ಸಂಪಾದಕರಿಗೆ ಇಷ್ಟ. “ಅದೋ, ಆ ಮೂಲೆಯಲ್ಲಿ ಗಾಜಿನ ಬೀರು ಇದೆಯಲ್ಲ, ಅದರೊಳಗಿರೋ ಕರೀ ಪೆಟ್ಟಿಗೆ. ಹಳೇ ಫೋಟೋಗಳೆಲ್ಲ ಅದ್ರಲ್ಲೇ ಇರೋದು.”

ಆ ಬೀರುವಿನ ಬೀಗದ ಕೈ ನಮ್ಮ ಗೊಂಚಲಲ್ಲಿತ್ತು. ವಾರಕ್ಕೊಂದು ಸಲ ಅದರ ಧೂಳು ಹೊಡೆಯುವುದು ನಮ್ಮ ಕೆಲಸ. ಅಕ್ಕ ಕುರ್ಚಿಯಿಂದ ಎದ್ದು, ಸೀರೆಯ ಮೇಲೆ ಹಾಕಿದ್ದ ಕೆಲಸದ ಕೋಟಿನ ತೋಳು ಮೇಲಕ್ಕೆ ಮಡಚಿದಳು. ನಾನು ಫಿನಾಯಿಲ್ ನೀರಿನ ಬಕೆಟ್ ಎತ್ತಿಕೊಂಡೆ. ತುಂಬಿತ್ತು, ಭಾರವಿತ್ತು. ಇಬ್ಬರೂ ಹಾಲಿಗೆ ಬಂದು ಆ ಮೂಲೆಯ ಬೀರುವಿನ ಕಡೆ ನಡೆದೆವು. ಯಾರೂ ತಲೆಯೆತ್ತಿ ನೋಡಲಿಲ್ಲ, ಬಕೆಟ್ ಹೋಗುವ ದಾರಿಯಲ್ಲಿ ಒಬ್ಬೊಬ್ಬರೇ ಕಾಲು ಮಾತ್ರ ಮೇಲಕ್ಕೆತ್ತಿಕೊಂಡರು.