ಲಾಂಡ್ರಿಯ ಮಾತ್ರೆ ಡಬ್ಬಿ

“ಮುಚ್ಚು ಬಾಯಿ! ನೀನು ತಂದ ಆ ಬಿಳಿ ಸೋಪಿನ ಪುಡೀನೇ ನನ್ನ ಮೈ ಸುಟ್ಟಿರೋದು!”

ಲಾಂಡ್ರಿಯವನು ಅಂಗಿ ಎತ್ತಿ ಬೆನ್ನು ತೋರಿಸಿದ. ಬೆನ್ನ ತುಂಬ ಕೆಂಪು ದದ್ದು, ಮೇಲೆ ಕೆರೆದುಕೊಂಡ ಉಗುರಿನ ಗೆರೆ. ಬಟ್ಟೆ ಒಯ್ಯಲು ಬಂದಿದ್ದ ಇಬ್ಬರು ಗಿರಾಕಿಗಳು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿಕೊಂಡರು.

ಎದುರು ನಿಂತವನು ಅವನ ಹೆಂಡತಿಯ ತಮ್ಮ. ಹಿಂದಿನ ಕೋಣೆಯ ತೊಟ್ಟಿಯಲ್ಲಿ ಬಟ್ಟೆ ಒಗೆಯುವವನು ಅವನೇ. ಕಾಲಿನ ರಬ್ಬರ್ ಬೂಟಿನಿಂದ ಇನ್ನೂ ನೀರಿಳಿಯುತ್ತಿತ್ತು.

“ಭಾವ, ಆ ಪುಡೀಲಿ ದಿನವಿಡೀ ಕೈ ಅದ್ದೋನು ನಾನು. ನೋಡಿ ನನ್ನ ಕೈ. ಒಂದು ಗುಳ್ಳೆ ಇದೆಯಾ?”

“ಅದನ್ನೇ ನಾನೂ ಕೇಳ್ತಿರೋದು! ನಿನಗೆ ಯಾಕೆ ಏನೂ ಆಗಲ್ಲ? ನನ್ನ ಅಂಗಿಗೆ ಮಾತ್ರ ಬೇರೆ ಏನೋ ಬೆರೆಸ್ತಿದ್ದೀಯ. ನಾನು ಹಾಸಿಗೆ ಹಿಡಿದ್ರೆ ಈ ಅಂಗಡೀಲಿ ನೀನು ಯಜಮಾನ ಆಗಬಹುದು, ಅಲ್ವಾ?”

“ರೀ, ನಾಲಿಗೆ ಬಿಗಿ ಹಿಡಿದು ಮಾತಾಡಿ,” ಎಂದು ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದಳು. “ಅವನು ನನ್ನ ಒಡಹುಟ್ಟಿದೋನು.”

“ಅದಕ್ಕೇ ನಿನಗೆ ಕಣ್ಣು ಕಾಣಲ್ಲ!”

ಲಾಂಡ್ರಿಯವನದು ಹುಟ್ಟಾ ಅನುಮಾನದ ಬುದ್ಧಿ. ಸೋಪು ಬೇಗ ಕರಗಿದರೆ ಮಾರಿದವನ ಮೇಲೆ ಅನುಮಾನ. ಬಟ್ಟೆ ತಡವಾಗಿ ಒಣಗಿದರೆ ಪಕ್ಕದವರು ಬೇಕೆಂದೇ ಮಹಡಿ ಕಟ್ಟಿ ಬಿಸಿಲು ತಡೆದರೆಂದು ಅನುಮಾನ. ಈ ಲೋಕದಲ್ಲಿ ಅವನು ಕಣ್ಣುಮುಚ್ಚಿ ನಂಬಿದ್ದು ಒಂದೇ ವಸ್ತುವನ್ನು. ಅದು ಕಪಾಟಿನ ಮೇಲಿನ ಹಳೆಯ ಬಿಸ್ಕತ್ತು ಡಬ್ಬಿ.

ಒಗೆಯುವ ಮೊದಲು ಗಿರಾಕಿಗಳ ಜೇಬು ತಡಕುವುದು ಲಾಂಡ್ರಿಯ ಪದ್ಧತಿ. ಕೀಲಿ, ಪೆನ್ನು, ಚೀಟಿ ಸಿಕ್ಕರೆ ಬಟ್ಟೆಯ ಜೊತೆ ಹಿಂದಕ್ಕೆ ಹೋಗುತ್ತಿದ್ದವು. ಮಾತ್ರೆ ಬೇಕೆಂದು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ಅವು ಡಬ್ಬಿ ಸೇರುತ್ತಿದ್ದವು. ಅವನು ಬಣ್ಣ ನೋಡಿ ರೋಗ ಗೊತ್ತುಮಾಡಿದ್ದ. ಬಿಳಿ ಜ್ವರಕ್ಕೆ, ಗುಲಾಬಿ ಹೊಟ್ಟೆಗೆ, ಅರ್ಧ ಕೆಂಪು ಅರ್ಧ ಹಳದಿಯ ಕ್ಯಾಪ್ಸೂಲು ಕೀವು, ಊತಕ್ಕೆ. ದವಡೆ ಹಲ್ಲು ಊದಿಕೊಂಡಿತೆಂದು ಮೂರು ದಿನ ಕೆಂಪು ಹಳದಿ ನುಂಗಿದ. ಎರಡನೆಯ ದಿನ ಭೇದಿ ಶುರುವಾಯಿತು. ಮೂರನೆಯ ದಿನ ಬೆನ್ನಿಗೆ ದದ್ದು ಬಂತು. ಭೇದಿಗೆ ಕ್ಯಾಪ್ಸೂಲಿನ ಉಷ್ಣ ಕಾರಣ ಎಂದುಕೊಂಡ. ದದ್ದಿನ ಅಪರಾಧವನ್ನು ಭಾವಮೈದುನನ ತಲೆಗೆ ಕಟ್ಟಿದ. ಹಲ್ಲು ಮಾತ್ರ ಇನ್ನೂ ನೋಯುತ್ತಲೇ ಇತ್ತು. ಇವತ್ತು ಬೆಳಿಗ್ಗೆ ಯಾವುದೋ ಹೆಂಗಸಿನ ಕೋಟಿನ ಜೇಬಿನಲ್ಲಿ ಮಕ್ಕಳ ಸಿರಪ್ ಸಿಕ್ಕಿತು. ಮಕ್ಕಳಿಗೆ ಕೊಡುವುದೆಂದ ಮೇಲೆ ಮೆತ್ತಗೇ ಇರಬೇಕು ಎಂದು ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಜಗಳಕ್ಕೆ ನಿಂತಿದ್ದ.

ಅಷ್ಟರಲ್ಲಿ ಬೀದಿಯಿಂದಲೇ ಜಗಳ ಕೇಳುತ್ತ ನರ್ಸಮ್ಮ ಬಂದಳು. ವಾರಕ್ಕೊಮ್ಮೆ ತನ್ನ ಬಿಳಿ ಕೋಟುಗಳನ್ನು ಒಯ್ಯುವವಳು. ಅವಳು ಮೊದಲು ಅವನ ಬೆನ್ನು ನೋಡಿದಳು, ಆಮೇಲೆ ಮುಖ.

“ಅಣ್ಣಾ, ನಿಮ್ಮ ತುಟಿ ಯಾವಾಗಿಂದ ಹೀಗಿದೆ?”

“ಹುಟ್ಟಿದಾಗಿಂದ ಹೀಗೇ ಇದೆ.”

ಹೆಂಡತಿ ಹತ್ತಿರ ಬಂದು ನೋಡಿದಳು. ಮೇಲ್ದುಟಿ ಊದಿ ಮೂಗಿಗೆ ತಾಗುತ್ತಿತ್ತು.

“ಏನು ಔಷಧಿ ತಗೊಂಡ್ರಿ?” ನರ್ಸಮ್ಮ ಕೇಳಿದಳು.

“ಯಾವುದೂ ಇಲ್ಲ. ಹೋದ ತಿಂಗಳು ನಿಮ್ಮ ಕೋಟಿನ ಕಾಲರ್ ಸುಟ್ಟೆ ಅಂತ ಈಗ ಸೇಡು ತೀರಿಸ್ಕೊಳ್ತಿದ್ದೀರಾ?”

ಹೆಂಡತಿ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ಪಕ್ಕದಲ್ಲಿ ಸಿರಪ್ ಬಾಟಲಿ ಇಟ್ಟಳು. ನರ್ಸಮ್ಮ ಕೆಂಪು ಹಳದಿ ಕ್ಯಾಪ್ಸೂಲಿನ ಪಟ್ಟಿಯ ಹಿಂಬದಿ ಓದಿದಳು, ಬಾಟಲಿಯ ಚೀಟಿ ಓದಿದಳು.

“ಇದು ಅಮಾಕ್ಸಿಸಿಲಿನ್. ಇದೂ ಅಮಾಕ್ಸಿಸಿಲಿನ್. ಎರಡೂ ಒಂದೇ ಔಷಧಿ.”

“ಸುಳ್ಳು. ಅದು ಕ್ಯಾಪ್ಸೂಲು, ಇದು ನೀರು. ಬಣ್ಣ ಬೇರೆ, ರುಚಿ ಬೇರೆ.”

“ಬಟ್ಟೆಗೆ ಹಾಕೋ ನೀಲಿ ಪುಡಿಯಾಗೂ ಬರತ್ತೆ, ಬಾಟ್ಲೀಲಿ ನೀರಾಗೂ ಬರತ್ತೆ. ಬಿಳಿ ಅಂಗಿಗೆ ಹತ್ತೋದು ಎರಡೂ ನೀಲೀನೇ ತಾನೆ? ಇದೂ ಹಾಗೇ. ಇದೇ ಜಾತಿ ಔಷಧಿ ಸೂಜಿಮದ್ದಲ್ಲೂ ಇದೆ. ಮೈಗೆ ಒಗ್ಗದಿದ್ರೆ ಯಾವ ವೇಷದಲ್ಲಿ ಬಂದ್ರೂ ಒಗ್ಗಲ್ಲ. ದದ್ದು ಬಂದಾಗಲೇ ಅದು ಎಚ್ಚರಿಕೆ ಕೊಟ್ಟಿತ್ತು. ನೀವು ಪುಡೀನ ಬೈತಾ ಕೂತ್ರಿ.”

ಅವನು ಏನೋ ತಿರುಗಿ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಗಂಟಲು ಹಿಡಿದುಕೊಂಡು ಮೇಜಿಗೆ ಒರಗಿದ. ಉಸಿರು ಸಿಳ್ಳೆಯಂತೆ ಕೇಳತೊಡಗಿತು.

“ಮಾತು ಸಾಕು. ಗಾಡಿ ಯಾರ ಹತ್ರ ಇದೆ?”

ಭಾವಮೈದುನ ಆಗಲೇ ಸ್ಕೂಟರಿನ ಬಟ್ಟೆ ಗಂಟುಗಳನ್ನು ಬೀದಿಗೆ ಬಿಸಾಕಿ ಗಾಡಿ ಶುರು ಮಾಡಿದ್ದ. ಭಾವನನ್ನು ಅನಾಮತ್ತು ಎತ್ತಿ ಕೂರಿಸಿದ. ಹಿಂದೆ ಅಕ್ಕ ಕೂತು ಇಬ್ಬರನ್ನೂ ಸೇರಿಸಿ ಅಪ್ಪಿ ಹಿಡಿದಳು. ಗಾಡಿ ಗುಂಡಿಗೆ ಬಿದ್ದೆದ್ದಾಗ ಲಾಂಡ್ರಿಯವನು ಅಷ್ಟು ಕಷ್ಟದಲ್ಲೂ ಗೊರಗೊರ ಅಂದ: “ಬೇಕಂತಲೇ... ಗುಂಡೀಲಿ ಹೊಡೀತಿದ್ದಾನೆ...”

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಗಾಳಿಯ ಕೊಳವೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ಮತ್ತೆ ಉಸಿರು ಕಟ್ಟೀತೆಂದು ಡಾಕ್ಟರು ಮರುದಿನದವರೆಗೆ ಹಾಸಿಗೆ ಬಿಡಗೊಡಲಿಲ್ಲ. “ಕಾಲು ಗಂಟೆ ತಡ ಆಗಿದ್ರೆ ಕಷ್ಟ ಇತ್ತು,” ಎಂದು, ಒಂದು ಚೀಟಿಯಲ್ಲಿ ಔಷಧಿಯ ಹೆಸರು ದೊಡ್ಡದಾಗಿ ಬರೆದು ಅವನ ಜೇಬಿಗೆ ಹಾಕಿದರು. “ಇನ್ಮೇಲೆ ಯಾವ ಡಾಕ್ಟರ ಹತ್ರ ಹೋದ್ರೂ, ಹಲ್ಲಿನವರೇ ಆಗಲಿ, ಮೊದಲು ಇದನ್ನ ತೋರಿಸಿ.”

ಮಾತು ಬಂದ ಕೂಡಲೇ ಲಾಂಡ್ರಿಯವನು ಕೇಳಿದ: “ಅವನೆಲ್ಲಿ?”

ಹೆಂಡತಿ ಅವನ ಮುಖ ನೋಡಲಿಲ್ಲ. “ನಿಮ್ಮನ್ನ ಎತ್ಕೊಂಡು ಬಂದು ಮಂಚದ ಮೇಲೆ ಮಲಗಿಸ್ದ. ಉಸಿರು ಸರಿ ಹೋಗೋವರೆಗೂ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಗಾಡಿ ಕೀಲಿ ನನ್ನ ಕೈಗಿಟ್ಟ. ಬೂಟು ಅಂಗಡೀದು ಅಂತ ಬಿಚ್ಚಿಟ್ಟ. ‘ಅಕ್ಕಾ, ಭಾವನ ಅಂಗಿ ಇನ್ಮೇಲೆ ನೀನೇ ಒಗಿ’ ಅಂದ. ಬರಿಗಾಲಲ್ಲಿ ಹೋದ.”

“ಬರ್ತಾನೆ ಬಿಡು.”

ಬರಲಿಲ್ಲ. ಆ ವಾರ ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಹೆಂಡತಿ ತಂದಿಟ್ಟ ಬೂಟು ತೊಟ್ಟಿಯ ಪಕ್ಕ ಹಾಗೇ ಇದೆ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದೆ. ಇಲ್ಲ ಅನ್ನಬೇಡಿ, ಎದ್ದು ಹೋಗಿ ಕಪಾಟು ನೋಡಿ. ಔಷಧಿ ಕೆಟ್ಟದ್ದಲ್ಲ, ಡಾಕ್ಟರು ಕೊಟ್ಟಾಗ, ಹೇಳಿದಷ್ಟು ದಿನ ತಗೊಂಡರೆ ಅದೇ ಜೀವ ಉಳಿಸುತ್ತದೆ. ಉಳಿದದ್ದನ್ನು ಕೂಡಿಡಬೇಡಿ, ಇನ್ನೊಬ್ಬರದ್ದನ್ನು ಬಣ್ಣ ನೋಡಿ ನುಂಗಬೇಡಿ. ಪುಡಿಗೆ ನೀರು ಬೆರೆಸಿ ಮಾಡಿದ ಸಿರಪ್ ಕೆಲವೇ ದಿನಕ್ಕೆ ಕೆಡುತ್ತದೆ, ಆಮೇಲೆ ಮಗುವಿಗೂ ಕೊಡಬೇಡಿ. ಹೊಟ್ಟೆ ತೊಳಸಿದರೆ, ಭೇದಿಯಾದರೆ ಕೊಟ್ಟ ಡಾಕ್ಟರನ್ನೇ ಕೇಳಿ. ಮೈಮೇಲೆ ದದ್ದೆದ್ದರೆ ಮುಂದಿನ ಗುಳಿಗೆ ನುಂಗುವ ಮೊದಲು ಓಡಿಹೋಗಿ ತೋರಿಸಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಅನುಮಾನ ಪಡುವುದಿದ್ದರೆ ಮೊದಲು ಆ ಡಬ್ಬಿಯ ಮೇಲೆ ಪಡಿ, ಮನೆಯವರ ಮೇಲಲ್ಲ.

ಮತ್ತೆ, ಒಗೆದು ಒಗೆದು ಕೈ ಬೆಳ್ಳಗಾದ, ಆದರೆ ಒಂದು ಗುಳ್ಳೆಯೂ ಇಲ್ಲದ ಒಬ್ಬನು ನಿಮ್ಮ ಬೀದಿಯಲ್ಲೇನಾದರೂ ಕಂಡರೆ, ಅಂಗಡಿಯಲ್ಲಿ ಈಗ ಆ ಡಬ್ಬಿ ಇಲ್ಲ ಎಂದು ಹೇಳಿ. ಅವನ ಭಾವ ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳುತ್ತಿದ್ದಾನೆ ಎಂದೂ ಹೇಳಿ. ಅದೇ ಬಿಳಿ ಪುಡಿಯಲ್ಲಿ.