ಒಂದು ಸುತ್ತು ಹೆಚ್ಚಾದ ದುರ್ಬೀನು

ಇಪ್ಪತ್ತು ಗಜ ದೂರದಲ್ಲಿ ನಿಂತಿರುವ ತಗಡಿನ ಕೋಳಿಯೊಂದನ್ನು ಕೆಡವಬೇಕಾದರೆ ಅದು ಕಣ್ಣಿಗೆ ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು? ಇಷ್ಟು ಮಹತ್ವದ ಪ್ರಶ್ನೆಯ ಬಗ್ಗೆ ನಮ್ಮ ಶಾಸ್ತ್ರಗಳೂ ಪಂಚಾಂಗಗಳೂ ಮೌನವಾಗಿವೆ. ಈ ಮೌನದಿಂದಾಗಿ ಎಷ್ಟು ಕೋಳಿಗಳು ಬದುಕಿ ಉಳಿದವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಣ್ಣು ಬಿಟ್ಟರೆ ನನ್ನಲ್ಲಿ ಬೇರೆ ಅಂಗವೂ ಇಲ್ಲ.

ನಾನು ಒಂದು ದುರ್ಬೀನು. ಬಂದೂಕಿನ ಬೆನ್ನಮೇಲೆ ಕೂರುವ ಜಾತಿಯದು. ಜನ ಸ್ಕೋಪ್ ಎನ್ನುತ್ತಾರೆ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಬಿಳಿ ಟೋಪಿ ಹಾಕಿದ ಒಬ್ಬ ಹೆಂಗಸು ಕಪ್ಪು ಕೊಳವೆಯೊಂದರಲ್ಲಿ ಗಾಜುಗಳನ್ನು ಸಾಲಾಗಿ ಕೂರಿಸಿ, ಒಳಗೆ ಮಂಜು ಕಟ್ಟದಂತೆ ಒಣ ಅನಿಲ ತುಂಬಿ ಬಾಯಿ ಮುಚ್ಚಿದಳು. ಅದೇ ನನ್ನ ಜನನ. ನನ್ನ ಹಿಂಬದಿಯಲ್ಲಿ ಒಂದು ಬಳೆ. ತಿರುಗಿಸಿದರೆ ನೋಟ ಆರು ಪಟ್ಟಿನಿಂದ ಇಪ್ಪತ್ನಾಲ್ಕು ಪಟ್ಟಿನವರೆಗೆ ಹಿಗ್ಗುತ್ತದೆ. ತಲೆಯ ಮೇಲೆ ಒಂದು ಬಿರಡೆ. ಗುರಿಯನ್ನು ಮೇಲೆ ಕೆಳಗೆ ಮಾಡುವುದಕ್ಕೆ. ಅದು ಟಕ್ ಟಕ್ ಎನ್ನುತ್ತ ತಿರುಗುತ್ತದೆ. ಅರವತ್ತು ಟಕ್ಕಿಗೆ ಒಂದು ಸುತ್ತು. ಈ ಅರವತ್ತನ್ನು ಓದುಗರು ನೆನಪಿಡಬೇಕು, ಮುಂದೆ ಇದರಿಂದಲೇ ತೊಂದರೆಯಾಯಿತು.

ಬೆಳಗಾವಿಯ ಬಂದೂಕಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ನಾವು ಮೂವರಿದ್ದೆವು. ಎಡಕ್ಕೆ ನಾಲ್ಕು ಪಟ್ಟಿನ ಒಂದು ಸಣ್ಣ ಜೀವ, ನಡುವೆ ಒಂಬತ್ತರದು, ಬಲಕ್ಕೆ ನಾನು. ಧಾರವಾಡದಲ್ಲಿ ಟ್ರ್ಯಾಕ್ಟರ್ ಮಾರುವ ಗುರುಪಾದಪ್ಪ ಹಂಚಿನಮನಿ ಒಂದು ಮಧ್ಯಾಹ್ನ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ತೂಕ ನೋಡಿದರು. ಊರಿನ ರೈಫಲ್ ಕ್ಲಬ್ಬಿನಲ್ಲಿ ಹೊಸ ಆಟ ಶುರುವಾಗಿತ್ತು. ಕೋಳಿ, ಹಂದಿ, ಸೀಮೆಕೋಳಿ, ಟಗರು ಎಂದು ತಗಡಿನ ಪ್ರಾಣಿಗಳನ್ನು, ಒಂದಕ್ಕಿಂತ ಮುಂದಿನದು ದೂರಕ್ಕೆ, ಐದೈದರ ಸಾಲಾಗಿ ನಿಲ್ಲಿಸಿರುತ್ತಾರೆ. ಯಾವ ಆಸರೆಯೂ ಇಲ್ಲದೆ ನಿಂತು ಏರ್‌ಗನ್ನಿನಿಂದ ಹೊಡೆಯಬೇಕು. ಬಿದ್ದರೆ ಲೆಕ್ಕ, ತಗುಲಿ ಬೀಳದಿದ್ದರೆ ಲೆಕ್ಕವಿಲ್ಲ.

ನಿಂತು ಹೊಡೆಯುವ ಹೊಸಬರಿಗೆ ಸಣ್ಣ ನಂಬರೇ ಒಳ್ಳೆಯದೆಂದು ಅಂಗಡಿಯವನು ಪ್ರಾಮಾಣಿಕವಾಗಿಯೇ ಹೇಳಿದ. ಹಂಚಿನಮನಿಯವರು ಅವನನ್ನು ಕರುಣೆಯಿಂದ ನೋಡಿದರು.

"ಹದಿನೆಂಟು ಎಚ್‌ಪಿ ಗಾಡಿ ತಗೊಂಡು ಎರಿ ಹೊಲ ರಂಟಿ ಹೊಡಿತಾರೇನೋ ತಮ್ಮಾ?"

ತಗಡಿನ ಕೋಳಿಯನ್ನು ಯಾರೂ ಉಳುವುದಿಲ್ಲವೆಂಬ ಉತ್ತರ ಅವನಿಗೆ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ. ನಾನು ಧಾರವಾಡಕ್ಕೆ ಬಂದೆ.

ಇಪ್ಪತ್ನಾಲ್ಕು ಪಟ್ಟಿನಲ್ಲಿ ಕೋಳಿ ನನ್ನ ಕಣ್ಣಿನ ತುಂಬ ನಿಂತಿತು. ಅದರ ಜುಟ್ಟಿನ ಬಣ್ಣ ಕಿತ್ತುಹೋದದ್ದೂ ಕಂಡಿತು. ಆದರೆ ನಾನು ಹಿಗ್ಗಿಸುವುದು ಕೋಳಿಯನ್ನು ಮಾತ್ರವಲ್ಲ. ಹಿಡಿದವರ ಉಸಿರು, ಎದೆಬಡಿತ, ಬೆಳಿಗ್ಗೆ ತಿಂದ ಮಿರ್ಚಿ, ಎಲ್ಲವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತೇನೆ. ಕೋಳಿ ಕುಣಿಯಿತು. ಅದಕ್ಕೆ ಮೈಮೇಲೆ ದೇವರು ಬಂದಿದೆಯೆಂದು ಹಂಚಿನಮನಿಯವರು ದೂರಿದರು. ಕ್ಲಬ್ಬಿನಲ್ಲಿ ಕಲಿಸುತ್ತಿದ್ದ ನಿವೃತ್ತ ಸುಬೇದಾರ ಯಲ್ಲಪ್ಪ ಕಮತಗಿ, ಬಳೆ ತಿರುಗಿಸಿ ಎಂಟಕ್ಕೆ ಇಳಿಸಿರೆಂದರು. ಹುಬ್ಬಳ್ಳಿಗೆ ಟಿಕೀಟು ತೆಗೆಸಿ ನಡುದಾರಿಯ ನವಲೂರಿನಲ್ಲಿ ಇಳಿಯುವ ಪೈಕಿ ತಾವಲ್ಲವೆಂದು ಹಂಚಿನಮನಿಯವರು ಹೇಳಿದರು. ಎರಡು ತಿಂಗಳಲ್ಲಿ ಮೂರು ಕೋಳಿ ಬಿದ್ದವು. ಅದರಲ್ಲಿ ಒಂದು ಗಾಳಿಗೆ. ಆಮೇಲೆ ನಾನು ಮನೆಯ ಮಾಳಿಗೆಯಲ್ಲಿ ಚಂದ್ರನನ್ನು ತೋರಿಸುವ ಕೆಲಸಕ್ಕೆ ಬಿದ್ದೆ.

ನನ್ನ ಎರಡನೆಯ ಯಜಮಾನರು ಚಂದ್ರಹಾಸ ರೇವಣಕರ. ಸುಭಾಸ ರಸ್ತೆಯ ಒಂದು ಮಹಡಿಮೆಟ್ಟಿಲ ಕೆಳಗೆ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅರವತ್ತೆರಡನೆಯ ವಯಸ್ಸಿನಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ವಯಸ್ಸೆಂದರು, ಅರ್ಧ ಅಂಜಿಕೆಯೆಂದೂ ಅಂದರು. ಯಾವ ಅರ್ಧ ಎಂದು ಹೇಳಲಿಲ್ಲ. ಅಂದಿನಿಂದ ರೇವಣಕರರು ಸೆಲ್ಲು, ಬೆಲ್ಟು ಬದಲಿಸುವುದಷ್ಟನ್ನೇ ಮಾಡುತ್ತಿದ್ದರು.

ಅವರ ಡ್ರಾಯರಿನಲ್ಲಿ ಒಂದು ಪೊಟ್ಟಣವಿತ್ತು. ಅದರೊಳಗೆ ಹಂಚಿನಮನಿಯವರ ತಂದೆಯ ಸರಪಳಿ ಗಡಿಯಾರ, ಬಿಡಿಬಿಡಿಯಾಗಿ. ಕೈ ನಡುಗುವ ಮೊದಲು ಬಿಚ್ಚಿದ್ದು. ನಡುಗಿದ ಮೇಲೆ ಜೋಡಿಸಲಾಗದ್ದು. ತಿಂಗಳಿಗೊಮ್ಮೆ ಹಂಚಿನಮನಿಯವರು ಬಂದು ಆಯಿತೇ ಎಂದು ಕೇಳುವರು. ನಾಡಿದ್ದು ಎಂದು ಇವರು ಹೇಳುವರು. ಒಂದೂವರೆ ವರ್ಷ ಕಳೆದಿತ್ತು. ಆ ನಾಡಿದ್ದು ಬಂದಿರಲಿಲ್ಲ.

ಕ್ಲಬ್ಬಿನ ಗೋಡೆ ಗಡಿಯಾರಕ್ಕೆ ಸೆಲ್ಲು ಹಾಕಲು ಹೋದಾಗ ಸುಬೇದಾರರು ಇವರ ಕೈಗೆ ಏರ್‌ಗನ್ ಕೊಟ್ಟರು. ಭಾರ ಹಿಡಿದರೆ ಕೈ ಸ್ವಲ್ಪ ಸುಮ್ಮನಾಗುವುದನ್ನು ರೇವಣಕರರು ಗಮನಿಸಿದರು. ಮನೆಗೆ ಬಂದು ಹೆಂಡತಿ ಸುಮಿತ್ರಾಬಾಯಿಯ ಮುಂದೆ ಒಂದು ನಿರ್ಧಾರ ಹೇಳಿದರು. ಖಂಡೇಪೂಜೆಯ, ಎಂದರೆ ಆಯುಧಪೂಜೆಯ, ಮರುವಾರ ಕ್ಲಬ್ಬಿನಲ್ಲಿ ಹೊಸಬರ ಪಂದ್ಯ. ಪ್ರಾಣಿಗೆ ಹತ್ತರಂತೆ ನಲವತ್ತು ಗುಂಡು, ಹನ್ನೆರಡು ಬಿದ್ದರೆ ಪಾಸು. ಹನ್ನೆರಡು ಬಿದ್ದರೆ ಪೊಟ್ಟಣ ಬಿಚ್ಚುವುದು. ಬೀಳದಿದ್ದರೆ ಅದನ್ನು ಹಾಗೆಯೇ ಹಂಚಿನಮನಿಗೆ ಒಪ್ಪಿಸಿ, ಉಪಕರಣಗಳನ್ನು ಯಾರಿಗಾದರೂ ಕೊಟ್ಟುಬಿಡುವುದು.

ತಮ್ಮದೊಂದು ಹಳೆಯ ಏರ್‌ಗನ್ನನ್ನು ಸುಬೇದಾರರೇ ಕೊಟ್ಟರು. ಸ್ಕೋಪ್ ಬೇಕಿತ್ತು. ಚಂದ್ರನನ್ನು ನೋಡಿ ನೋಡಿ ಬೇಸರವಾಗಿದೆಯೆಂದು ಹಂಚಿನಮನಿಯವರು ನನ್ನನ್ನು ಕೊಟ್ಟುಬಿಟ್ಟರು.

ಮೊದಲ ದಿನ ಬಳೆ ಇಪ್ಪತ್ನಾಲ್ಕರಲ್ಲೇ ಇತ್ತು. ರೇವಣಕರರು ನನ್ನೊಳಗೆ ಇಣುಕಿ ತಮ್ಮ ಕೈನಡುಕವನ್ನು ಇಪ್ಪತ್ನಾಲ್ಕು ಪಟ್ಟಿನಲ್ಲಿ ಕಂಡರು. ಗನ್ ಕೆಳಗಿಟ್ಟು ಮನೆಗೆ ಹೋದರು. ಆದರೆ ಅವರು ಗಾಜಿನ ಮನುಷ್ಯರು. ಮುಚ್ಚಳ ಬಿಚ್ಚುವುದಕ್ಕೆ ಒಂದು ಗಾಜು, ಕೂದಲಿನಂಥ ಸ್ಪ್ರಿಂಗಿಗೆ ಇನ್ನೊಂದು ಎಂದು ಕೆಲಸ ನೋಡಿ ಗಾಜು ಆರಿಸಿ ಬದುಕಿದವರು. ಮರುದಿನ ಬಳೆಯನ್ನು ನಿಧಾನವಾಗಿ ಇಳಿಸುತ್ತ ಬಂದು ಎಂಟರ ಹತ್ತಿರ ನಿಲ್ಲಿಸಿ, ಅಲ್ಲೊಂದು ಕೆಂಪು ಚುಕ್ಕೆ ಇಟ್ಟರು.

"ಇಷ್ಟ ಕಂಡರ ಸಾಕು. ಇದಕಿಂತ ಹೆಚ್ಚಿಗಿ ಕಂಡರ ಕೋಳಿ ಕಾಣೂದಿಲ್ಲ, ನಾನ ಕಾಣ್ತೀನಿ," ಎಂದರು.

ನನ್ನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಬಿರಡೆಯ ಟಕ್ಕುಗಳನ್ನು ಅವರು ಕಿವಿಯಿಂದಲೇ ಎಣಿಸುತ್ತಿದ್ದರು. ಕೋಳಿಗೆ ಸೊನ್ನೆ, ಹಂದಿಗೆ ಐದು, ಸೀಮೆಕೋಳಿಗೆ ಹನ್ನೆರಡು, ಟಗರಿಗೆ ಇಪ್ಪತ್ನಾಲ್ಕು ಎಂದು ಚೀಟಿ ಬರೆದು ನನ್ನ ಪಕ್ಕೆಗೆ ಅಂಟಿಸಿದರು. ದಸರೆಯ ಹೊತ್ತಿಗೆ ಅಭ್ಯಾಸದಲ್ಲಿ ಹತ್ತು ಬೀಳುತ್ತಿದ್ದವು, ಒಮ್ಮೊಮ್ಮೆ ಹದಿಮೂರು.

ಖಂಡೇಪೂಜೆಯ ದಿನ ಸುಮಿತ್ರಾಬಾಯಿ ಮನೆಯಲ್ಲಿದ್ದ ಲೋಹವನ್ನೆಲ್ಲ ತೊಳೆದು ಒರೆಸಿ ಜಗಲಿಯ ಮೇಲೆ ಇಟ್ಟರು. ಸ್ಕ್ರೂಡ್ರೈವರು, ಚಿಮಟಿಗೆ, ಈಳಿಗೆ, ಮಿಕ್ಸರು, ಅದರ ಪಕ್ಕದಲ್ಲಿ ಏರ್‌ಗನ್ ಸಮೇತ ನಾನು. ಅವರದು ಅಚ್ಚುಕಟ್ಟು ಕೆಲಸ. ನನ್ನ ಬಿರಡೆಯ ಗೀರುಗಳಲ್ಲಿ ಧೂಳಿತ್ತು. ಬಟ್ಟೆ ಸುತ್ತಿ ತಿರುವಿ ತಿರುವಿ ಒರೆಸಿದರು. ಗಡಿಯಾರದವನ ಹೆಂಡತಿಯಾದ್ದರಿಂದ, ಮುಟ್ಟಿದ ಮುಳ್ಳನ್ನು ಮೊದಲಿನ ಜಾಗಕ್ಕೆ ತರಬೇಕೆಂಬ ಶಿಸ್ತು ಅವರಿಗಿತ್ತು. ಸೊನ್ನೆಗೆ ತಂದಿಟ್ಟರು. ಸೊನ್ನೆಗೇ ತಂದಿಟ್ಟರು, ಆದರೆ ಒಂದು ಪೂರ್ತಿ ಸುತ್ತು ಮೇಲಿನ ಸೊನ್ನೆಗೆ. ಮೇಲೆ ಕುಂಕುಮವಿಟ್ಟು ಚೆಂಡುಹೂ ಏರಿಸಿದರು. ನನಗೆ ಗೊತ್ತಿತ್ತು. ದುರ್ಬೀನನ್ನು ಯಾರೂ ಕೇಳುವುದಿಲ್ಲ.

ಪಂದ್ಯದ ಬೆಳಿಗ್ಗೆ ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ಬನ್ನಿ ಕೊಡುವವರು ಮುಗಿಯಲಿಲ್ಲ. ದಸರೆ ಕಳೆದು ವಾರವಾಗಿದ್ದರೂ ಹಿರಿಯರು ಕಂಡರೆ ಬನ್ನಿ ಕೊಟ್ಟು ಕಾಲಿಗೆ ಬೀಳದೆ ಬಿಡುವ ಊರಲ್ಲ ಅದು. ರೇವಣಕರರು ಕ್ಲಬ್ಬು ಮುಟ್ಟುವಾಗ ಜೇಬಿನ ತುಂಬ ಎಲೆ. ಹಬ್ಬದ ವಾರ ಕ್ಲಬ್ಬಿಗೆ ರಜೆಯಿತ್ತು, ಇವತ್ತು ಗುರಿ ಪರೀಕ್ಷಿಸುವ ಗುಂಡು ಹಾರಿಸುವ ವೇಳೆಯೂ ಮುಗಿದಿತ್ತು. ಅವರು ಬಿರಡೆ ನೋಡಿದರು. ಸೊನ್ನೆ ತೋರಿಸಿತು. ಗನ್ ಎತ್ತಿದರು.

ಐದು ಕೋಳಿ, ಐದು ಗುಂಡು. ಐದೂ ಕೋಳಿ ನಿಂತೇ ಇದ್ದವು.

ಹಿಂದಿನ ಬೆಂಚಿನಲ್ಲಿ ಶೇಂಗಾ ತಿನ್ನುತ್ತಿದ್ದ ಹಂಚಿನಮನಿಯವರು, ಚಂದ್ರ ಮಾತ್ರ ಇದರಲ್ಲಿ ಬಹಳ ಚಲೋ ಕಾಣುತ್ತಿದ್ದನೆಂದು ಸುತ್ತಲಿದ್ದವರಿಗೆ ತಿಳಿಸಿದರು. ಪಕ್ಕದಲ್ಲಿದ್ದ ಸುಮಿತ್ರಾಬಾಯಿ ಅವರ ಕಡೆ ತಿರುಗಿ, ಇವತ್ತು ಹನ್ನೆರಡು ಬೀಳದಿದ್ದರೆ ನಿಮ್ಮ ಅಪ್ಪನ ಗಡಿಯಾರ ಪೊಟ್ಟಣದಲ್ಲೇ ನಿಮ್ಮ ಮನೆಗೆ ಬರುತ್ತದೆಂದು ಸಣ್ಣ ದನಿಯಲ್ಲಿ ಹೇಳಿದರು. ಶೇಂಗಾ ಅಲ್ಲಿಗೆ ನಿಂತಿತು.

ರೇವಣಕರರು ಗನ್ನನ್ನು ಚೀಲಕ್ಕೆ ಹಾಕತೊಡಗಿದ್ದರು. ಜೇಬಿನಿಂದ ಎರಡು ಬನ್ನಿ ಎಲೆ ಉದುರಿದವು.

"ಸುಬೇದಾರ್ರ, ನನ್ನ ಹೆಸರು ಹೊಡದ ಹಾಕ್ರಿ. ಕೈ ಹೋತು."

ಸುಬೇದಾರರು ತಮ್ಮ ಮೂರು ಕಾಲಿನ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಕೋಳಿಗಳ ಹಿಂದೆ ಸುಣ್ಣ ಬಳಿದ ಹಲಗೆಯಿತ್ತು.

"ಕೈ ಹೋದಾವನ ಗುಂಡು ಐದು ದಿಕ್ಕಿಗೆ ಹೋಗತಾವ್ರಿ," ಎಂದರು. "ನಿಮ್ಮವು ಐದೂ ಕೋಳಿ ಕೋಳಿಗೆ ನೆಟ್ಟಗ ತಲಿ ಮ್ಯಾಲ ನಾಕ ಬೆರಳ ಅಂತರಕ್ಕ ಕುಂತಾವ. ಸಾಲು ಹಿಡದು. ಕೈಗೇನೂ ಆಗಿಲ್ಲ, ನಿಮ್ಮ ದುರ್ಬೀನಿಗೆ ಏನೋ ಆಗೇತಿ."

ರೇವಣಕರರು ನನ್ನನ್ನು ಚೀಲದಿಂದ ಹೊರಗೆ ತೆಗೆದರು. ಬಿರಡೆಯ ಗೀರಿನಲ್ಲಿ ಕುಂಕುಮ ಉಳಿದಿತ್ತು. ಅವರು ಹೆಂಡತಿಯನ್ನು ನೋಡಿದರು.

"ನಾನ ತಿರುವಿ ಒರಸೀನಿ," ಎಂದರು ಸುಮಿತ್ರಾಬಾಯಿ. "ಮತ್ತ ಸೊನ್ನಿಗೇ ತಂದಿಟ್ಟೀನಲ್ಲ."

"ಯಾವ ಸೊನ್ನಿಗೆ?"

"ಸೊನ್ನಿ ಎಷ್ಟವ ಅದರಾಗ?"

ರೇವಣಕರರು ಬಿರಡೆಯನ್ನು ಬೆಳಕಿಗೆ ಹಿಡಿದರು. ನಲವತ್ತು ವರ್ಷ ಅವರು ಗಿರಾಕಿಗಳಿಗೆ ಹೇಳಿದ್ದ ಮಾತದು: ಹನ್ನೆರಡು ತೋರಿಸಿದರೆ ಹಗಲೋ ರಾತ್ರಿಯೋ ಎಂದು ಗಡಿಯಾರ ಹೇಳುವುದಿಲ್ಲ, ಹೊರಗೆ ಇಣುಕಿ ನೋಡಬೇಕು.

"ಇದಕ್ಕ ನಿಮಿಷದ ಮುಳ್ಳದ, ತಾಸಿನ ಮುಳ್ಳಿಲ್ಲ," ಎಂದು ತಮಗೇ ಹೇಳಿಕೊಂಡು, ಬಿರಡೆಯನ್ನು ಹಿಂದಕ್ಕೆ ತಿರುಗಿಸಿದರು. ಅರವತ್ತು ಟಕ್ಕು. ತುಟಿ ಅಲುಗುತ್ತಿತ್ತು.

ಉಳಿದ ಐದು ಕೋಳಿಗಳಲ್ಲಿ ಮೂರು ಬಿದ್ದವು. ಹತ್ತು ಹಂದಿಗಳಲ್ಲಿ ನಾಲ್ಕು. ಸೀಮೆಕೋಳಿ ಕಡ್ಡಿಕಾಲಿನ ಪ್ರಾಣಿ, ಎರಡೇ ಬಿದ್ದವು. ಹತ್ತು ಟಗರು ಉಳಿದಾಗ ಲೆಕ್ಕ ಒಂಬತ್ತು. ಇನ್ನು ಮೂರು ಬೇಕಿತ್ತು. ಮೊದಲ ಐದರಲ್ಲಿ ಒಂದು ಬಿತ್ತು. ಇನ್ನೊಂದಕ್ಕೆ ಗುಂಡು ತಗುಲಿದ್ದು ಎಲ್ಲರಿಗೂ ಕೇಳಿಸಿತು. ಆ ಟಗರು ಹಿಂದಕ್ಕೆ ವಾಲಿತು, ಯೋಚಿಸಿತು, ಮತ್ತೆ ನೆಟ್ಟಗೆ ನಿಂತಿತು. ಅದಕ್ಕೆ ಬೈದವರು ಹಂಚಿನಮನಿಯವರು. ಅಷ್ಟು ಹೊತ್ತಿಗೆ ಅವರು ಬೆಂಚಿನಿಂದ ಎದ್ದು ನಿಂತಿದ್ದರು. ಕೊನೆಯ ಸಾಲಿನಲ್ಲಿ ಮೂರು ಬಿದ್ದವು. ಹದಿಮೂರು.

ಇದಾಗಿ ಎಂಟು ವರ್ಷವಾಯಿತು. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಆ ಒದೆತಕ್ಕೆ ನನ್ನ ಬಾಯಿಯ ಬಿಗಿ ಸಡಿಲಿ, ಒಳಗಿನ ಒಣ ಅನಿಲ ಹೋಗಿ ಧಾರವಾಡದ ಗಾಳಿ ಸೇರಿಕೊಂಡಿದೆ. ಈಗ ನನಗೆ ಕಾಣುವುದು ಮಂಜು, ಅದೂ ಎಂಟು ಪಟ್ಟಿನಲ್ಲಿ. ರೇವಣಕರರು ಕ್ಲಬ್ಬಿಗೆ ನಾಲ್ಕು ಪಟ್ಟಿನ ಒಂದು ಸಣ್ಣ ಜೀವವನ್ನು ಕೊಂಡೊಯ್ಯುತ್ತಾರೆ. ನಾನು ಅಂಗಡಿಯ ಡ್ರಾಯರಿನಲ್ಲಿ, ಹಿಂದೆ ಪೊಟ್ಟಣವಿದ್ದ ಮೂಲೆಯಲ್ಲಿದ್ದೇನೆ. ಡ್ರಾಯರು ತೆರೆದಾಗ ಕೆಳಗಿನಿಂದ, ಆ ಮಂಜಿನ ನಡುವೆಯೂ, ಅವರ ಕೈ ಕಾಣುತ್ತದೆ. ಇನ್ನೂ ನಡುಗುತ್ತದೆ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಅದು ಸುಮ್ಮನಾಗುವವರೆಗೆ ಕಾಯುತ್ತಾರೆ, ಗಿರಾಕಿಗಳೂ ಕಾಯುತ್ತಾರೆ. ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವುದೇ ನನ್ನ ಹೆಚ್ಚುಗಾರಿಕೆಯೆಂದು ಬೆಳಗಾವಿಯ ಕಪಾಟಿನಲ್ಲಿ ನಾನು ನಂಬಿದ್ದೆ. ನನ್ನಿಂದ ಉಪಯೋಗವಾದ ದಿನಗಳಲ್ಲಿ ನನ್ನ ಮೂರರಲ್ಲಿ ಎರಡು ಭಾಗ ಕೆಲಸವಿಲ್ಲದೆ ಕೂತಿತ್ತು.

ಹಂಚಿನಮನಿಯವರ ತಂದೆಯ ಗಡಿಯಾರ ನಡೆಯುತ್ತಿದೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ.