ನುಂಗದ ಮೀನು

ತಮ್ಮನ ಕಿವಿಗೆ ಗುಟ್ಟು ಹಾಕುವುದೂ ಒಂದೇ, ಊರ ನಡುವೆ ನಿಂತು ಡಂಗುರ ಸಾರುವುದೂ ಒಂದೇ ಎಂದು ಅಕ್ಕನಿಗೆ ಅರ್ಥವಾದದ್ದು ಆ ಭಾನುವಾರ, ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ. ಅವಳ ಲಾಂಡ್ರಿಯ ಹಿಂದಿನ ಕಿಟಕಿಗೆ ಕಾಲುವೆ ಕಾಣುತ್ತದೆ. ದಿನಾ ಖಾಲಿ ಇರುತ್ತಿದ್ದ ದಂಡೆಯ ಮೇಲೆ ಇವತ್ತು ಸಾಲಾಗಿ ಮಡಚುವ ಕುರ್ಚಿಗಳು, ಅವುಗಳ ಮುಂದೆ ಮೂರು ಕಾಲಿನ ಸ್ಟ್ಯಾಂಡುಗಳು, ಸ್ಟ್ಯಾಂಡುಗಳ ಮೇಲೆ ಫಿರಂಗಿಯಂಥ ಲೆನ್ಸುಗಳು. ಎಲ್ಲರ ಮೈಮೇಲೂ ಎಲೆ ಬಣ್ಣದ ಅಂಗಿ. ನಡುವಿನ ಕುರ್ಚಿಯಲ್ಲಿ ಮಹಾರಾಜನ ಹಾಗೆ ಕೂತಿದ್ದವನು ಅವಳ ತಮ್ಮ.

ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಮೈಯೆಲ್ಲ ಅದಕ್ಕಿಂತ ಹೆಚ್ಚು ಕಾದಿತ್ತು.

ಆ ಜಾಗ ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಎರಡು ಬೇಸಿಗೆ ಮಿಂಚುಳ್ಳಿ ಹಕ್ಕಿ ಹುಡುಕುತ್ತ ಕಾಲುವೆಯುದ್ದಕ್ಕೂ ಕ್ಯಾಮೆರಾ ನೇತುಹಾಕಿಕೊಂಡು ಅಲೆದಿದ್ದಳು. ಮಿಂಚುಳ್ಳಿ ಬರುವ ಕಡೆ ನೀರು ತಿಳಿಯಾಗಿರಬೇಕು, ಅವಸರದಲ್ಲಿ ಓಡಬಾರದು. ಮೇಲೆ ಬಾಗಿದ ಒಣಕೊಂಬೆ ಬೇಕು, ಕೊಂಬೆಯ ಕೆಳಗಿನ ಕಲ್ಲಿಗೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ ಬಿದ್ದಿರಬೇಕು. ಪಕ್ಕದಲ್ಲಿ ಗೋಡೆಯಂತೆ ನಿಂತ ಮಣ್ಣಿನ ದಂಡೆ ಇದ್ದರಂತೂ ಅದೃಷ್ಟ, ಅದು ಗೂಡಿಗೆ ಬಿಲ ಕೊರೆಯುವುದು ಅಂಥಲ್ಲೇ. ಇಷ್ಟೆಲ್ಲ ಸುತ್ತಾಡಿ ಚಪ್ಪಲಿ ಸವೆಸಿದ ಮೇಲೆ ಸಿಕ್ಕ ಜಾಗ ಇದ್ದದ್ದು ತನ್ನ ಲಾಂಡ್ರಿಯ ಹಿಂದೆಯೇ. ಅವಳು ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಗು ನಿಂತ ಮೇಲೆ ತಮ್ಮನಿಗೆ ಫೋನ್ ಮಾಡಿದ್ದಳು. ಚಿಕ್ಕಂದಿನಿಂದಲೂ ಹಾಗೆಯೇ, ಏನು ಕಂಡರೂ ಅವನಿಗೆ ಹೇಳುವ ತನಕ ಅವಳಿಗೆ ಸಮಾಧಾನವಿಲ್ಲ. "ಬಿಲದೊಳಗೆ ಮರಿ ಇವೆ ಕಣೋ, ಯಾರ ಹತ್ರಾನೂ ಬಾಯಿ ಬಿಡ್ಬೇಡ" ಅಂದಿದ್ದಳು. "ಛೆ, ನಾನು ಹೇಳ್ತೀನಾ" ಅಂದಿದ್ದ. ಹೇಳಿದ್ದ, ಫೋಟೋ ತೆಗೆಯುವವರ ಇಡೀ ಬಳಗಕ್ಕೆ, ದಾರಿಯ ನಕ್ಷೆಯ ಸಮೇತ.

ಹತ್ತಿರ ಹೋಗಿ ನೋಡಿದಾಗ ಅವಳಿಗೆ ತಲೆಯೇ ಕೆಟ್ಟಿತು. ಬಿಲದ ಬಾಯಿಗೆ ಮರೆಯಾಗಿದ್ದ ಬೇರುಗಳನ್ನೆಲ್ಲ ಕತ್ತರಿಸಿ ಎಸೆದಿದ್ದರು. ಚಿತ್ರದಲ್ಲಿ ಅಡ್ಡ ಬರುತ್ತಿದ್ದವಂತೆ. ಹಕ್ಕಿ ಅಲ್ಲೇ ಧುಮುಕಲೆಂದು ನೀರಿನಲ್ಲಿ ಒಂದು ಟಬ್ಬು ಅಂಚಿನವರೆಗೆ ಮುಳುಗಿಸಿ ಅದರೊಳಗೆ ಸಣ್ಣ ಮೀನು ಬಿಟ್ಟಿದ್ದರು. ಮುಂದೆ ಒಂದು ಚೆಂದದ ಕೊಂಬೆ ನೆಟ್ಟಿದ್ದರು. ಆ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು, ಕೊಕ್ಕಿನಲ್ಲಿ ಮೀನು.

"ನೋಡಕ್ಕ, ಎಷ್ಟೊತ್ತಿಂದ ಹಿಂಗೇ ಪೋಸ್ ಕೊಡ್ತಾ ಇದೆ," ತಮ್ಮ ಪಿಸುಗುಟ್ಟಿದ. "ಹಿಡಿದ ಮೀನನ್ನ ನುಂಗೋದೇ ಇಲ್ಲ."

ಮೀನಿನ ತಲೆ ಹೊರಗಿತ್ತು. ತಾನೇ ತಿನ್ನುವುದಿದ್ದರೆ ಮಿಂಚುಳ್ಳಿ ಮೀನಿನ ತಲೆಯನ್ನು ತನ್ನ ಗಂಟಲ ಕಡೆಗೆ ತಿರುಗಿಸಿಕೊಳ್ಳುತ್ತದೆ. ತಲೆ ಹೊರಗಿಟ್ಟುಕೊಂಡರೆ ಅದು ಮರಿಯ ಬಾಯಿಗೆ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕೂತು ಓದಿ ಕಲಿತ ವಿಷಯ ಇದು.

"ಅದು ಪೋಸ್ ಅಲ್ಲ ಅಂತ ನಿನಗೆ ಗೊತ್ತಿಲ್ವಾ?"

ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು. ಆದ್ರೆ ಎಲ್ರೂ ಕೂತಿದಾರಲ್ಲ. ನಾನೊಬ್ಬ ಎದ್ದು ಏನು ಉಪಯೋಗ?"

ಅಲ್ಲೇ ಅವನ ಕೆನ್ನೆಗೆ ಒಂದು ಬಿಡಬೇಕೆನಿಸಿತು. ಬಿಟ್ಟರೆ ಹಕ್ಕಿ ಬೆದರುತ್ತದೆಂದು ಕೈ ಕಟ್ಟಿಕೊಂಡಳು. ಬಳಗಕ್ಕೆಲ್ಲ ಹಿರಿಯರಾದ ಹಲ್ಲಿನ ಡಾಕ್ಟರ ಬಳಿ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು, "ಸಾರ್, ನೀವು ಇಲ್ಲಿರೋ ತನಕ ಅದು ಬಿಲದೊಳಗೆ ಹೋಗಲ್ಲ. ಒಳಗೆ ಮರಿಗಳು ಹಸಿದಿವೆ."

"ಐದೇ ನಿಮಿಷ ಅಮ್ಮ. ನಾವೂ ಪಕ್ಷಿಪ್ರೇಮಿಗಳೇ."

ಈ ಪ್ರೇಮ ಯಾವ ಶತ್ರುವಿಗೂ ಬೇಡ. ಐದು ನಿಮಿಷ ಕಳೆಯಿತು, ಮತ್ತೆ ಐದಾಯಿತು, ಒಬ್ಬನೂ ಏಳಲಿಲ್ಲ. ತಾನು ಎದ್ದ ಮರುಕ್ಷಣವೇ ಹಕ್ಕಿ ನೀರಿಗೆ ಧುಮುಕಿ, ಆ ಚಿತ್ರ ಪಕ್ಕದವನಿಗೆ ಸಿಕ್ಕಿಬಿಟ್ಟರೆ ಎಂಬ ಸಂಕಟ ಒಬ್ಬೊಬ್ಬನಿಗೂ. ಗದರಿಸಿ ನೋಡೋಣವೆಂದರೆ ಕಾಲುವೆ ಅವಳಪ್ಪನದೇನಲ್ಲ. ಮಿಂಚುಳ್ಳಿ ಹಾರಿ ಬಿಲದ ಹತ್ತಿರ ಹೋಯಿತು, ಗಾಳಿಯಲ್ಲೇ ತಡವರಿಸಿ ಮತ್ತೆ ಕೊಂಬೆಗೆ ಬಂತು. ಕ್ಯಾಮೆರಾಗಳು ಪಟಪಟನೆ ಬಡಿದುಕೊಂಡವು. ಬಿಲದೊಳಗಿಂದ ಸಣ್ಣಗೆ ಕಿರಗುಟ್ಟುವ ಸದ್ದು ಬರುತ್ತಿತ್ತು, ವಾರದ ಹಿಂದೆ ಕೇಳಿದ್ದಕ್ಕಿಂತ ಬಹಳ ಕ್ಷೀಣವಾಗಿ.

ಆಗ ಅವಳಿಗೆ ಎಂದೂ ಇಲ್ಲದ ಬುದ್ಧಿ ಬಂತು. ಡಾಕ್ಟರ ಕಿವಿಯ ಹತ್ತಿರ ಬಗ್ಗಿದಳು.

"ಸಾರ್, ನಿಮಗೊಬ್ಬರಿಗೇ ಹೇಳ್ತಾ ಇದೀನಿ. ಹಳೇ ಕಲ್ಲುಕ್ವಾರಿ ಹೊಂಡದಲ್ಲಿ ಬೆಳಿಗ್ಗೆ ಕರಿ ತಲೆ ಮಿಂಚುಳ್ಳಿ ಕಂಡಿದೆ. ಯಾರಿಗೂ ಹೇಳ್ಬೇಡಿ."

ಕರಿ ತಲೆಯದು ಆ ಕಡೆ ಕಾಣುವುದೇ ಅಪರೂಪ. ಡಾಕ್ಟರು ಏನೂ ಕೇಳಿಸಿಕೊಳ್ಳದವರ ಹಾಗೆ ಮುಖ ಮಾಡಿದರು. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡು, "ಯಾಕೋ ಬೆನ್ನು ನೋವು" ಎಂದು ಎದ್ದರು. ಏಳುವಾಗ ಪಕ್ಕದ ಕಂಟ್ರಾಕ್ಟರ ಕಿವಿಯಲ್ಲಿ ಏನೋ ಉಸುರಿದರು. ಕಂಟ್ರಾಕ್ಟರಿಗೆ ಸೈಟಿಗೆ ಸಿಮೆಂಟು ಬರುವುದು ನೆನಪಾಯಿತು. ಅವನ ಪಕ್ಕದವನ ಹೆಂಡತಿಗೆ ತಲೆಸುತ್ತು ಬಂತು. ಇನ್ನೊಬ್ಬನ ಸ್ಕೂಟರು, ಮತ್ತೊಬ್ಬನ ಅತ್ತೆ. ಕುರ್ಚಿಗಳು ಮಡಚಿಕೊಂಡವು, ಕಾಲುಗಳು ಮೆಲ್ಲಗೆ ಹೊರಟು ತಿರುವು ದಾಟಿದ್ದೇ ಓಟ ಕಿತ್ತವು. ಆ ಹೊತ್ತಿನಲ್ಲೂ ಅಕ್ಕನಿಗೆ ನಗು ಬಂತು, ತುಟಿ ಕಚ್ಚಿಕೊಂಡಳು.

ಕೊನೆಯಲ್ಲಿ ಉಳಿದವನು ತಮ್ಮ. ಅವನ ಕಿವಿಗೂ ಸುದ್ದಿ ಬಿದ್ದಿತ್ತು. ಅವನು ಮಾತ್ರ ನಿಜ ಹೇಳುತ್ತಾನೆ, "ನೀನೂ ಬಾರಕ್ಕ, ನೋಡೋಣ" ಅನ್ನುತ್ತಾನೆ ಎಂದು ಅವಳು ಕಾದಳು. ಅಂದಿದ್ದರೆ ಅಲ್ಲೇ ಎಲ್ಲ ಒಪ್ಪಿಕೊಂಡುಬಿಡುತ್ತಿದ್ದಳು.

ಅವನು ಲೆನ್ಸಿಗೆ ಮುಚ್ಚಳ ಹಾಕುತ್ತ ಅವಳ ಮುಖ ನೋಡದೆ ಹೇಳಿದ, "ಮನೆಗೆ ಗ್ಯಾಸ್ ಬರುತ್ತಂತೆ ಅಕ್ಕ. ಹೋಗಿ ಬರ್ತೀನಿ."

ಅವನ ಬೆನ್ನು ಮರೆಯಾದ ಮೇಲೆ ಅವಳು ನೆಟ್ಟ ಕೊಂಬೆಯನ್ನು ಕಿತ್ತು ಹಾಕಿದಳು, ಟಬ್ಬು ಬೋರಲಿಟ್ಟು ಮೀನುಗಳನ್ನು ಕಾಲುವೆಗೆ ಬಿಟ್ಟಳು, ಕುರ್ಚಿ ಹಾಕಿದ್ದ ಜಾಗದ ತುಂಬ ಮುಳ್ಳುಕಂಟಿ ಎಳೆದು ಹರಡಿದಳು. ಕೈ ಗೀರಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಆಮೇಲೆ ಲಾಂಡ್ರಿಯೊಳಗೆ ಹೋಗಿ ಕಿಟಕಿಯ ಬಳಿ ನಿಂತಳು. ಮಿಂಚುಳ್ಳಿ ಮೀನು ಕಚ್ಚಿಕೊಂಡು ನೇರ ಬಿಲಕ್ಕೆ ನುಗ್ಗಿತು. ಹೊರಗೆ ಬಂತು, ನೀರಿನಲ್ಲಿ ಮುಳುಗಿ ಮೈ ತೊಳೆದುಕೊಂಡಿತು, ಇನ್ನೊಂದು ಮೀನು ತಂದಿತು. ಸಂಜೆಯವರೆಗೂ ಅದಕ್ಕೆ ಪುರುಸೊತ್ತಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಬಿಲದೊಳಗಿನ ಗದ್ದಲ ಕಿಟಕಿಯವರೆಗೂ ಕೇಳಿಸುತ್ತಿತ್ತು.

ತಮ್ಮನ ಫೋನ್ ಬಂತು.

"ಅಕ್ಕ, ಈ ಹೊಂಡದಲ್ಲಿ ಒಂದು ಕಾಗೇನೂ ಇಲ್ಲ. ಡಾಕ್ಟರಿಗೆ ಹೇಳಿದ್ದು ನೀನಂತೆ."

"ಹೌದು, ನಾನೇ."

"ನನಗೂ ಸುಳ್ಳು ಹೇಳ್ಬಿಟ್ಟೆಯಲ್ಲ."

"ನಿನಗೆ ನಾನೇನು ಹೇಳಿದೆ? ಗ್ಯಾಸ್ ಬಂತಾ?"

ಅವನು ಚಿಕ್ಕವನಿದ್ದಾಗಿನ ದನಿಯಲ್ಲಿ ಕೇಳಿದ, "ಮರಿಗಳು ಹೇಗಿವೆ ಅಕ್ಕ? ಬದುಕಿವೆಯಾ?"

ಕಿಟಕಿಯಾಚೆ ಮರಿಗಳು ಕಿರುಚಿ ಕಿರುಚಿ ಊಟ ಕೇಳುತ್ತಿದ್ದವು. ಫೋನನ್ನು ಸ್ವಲ್ಪ ಆ ಕಡೆ ಹಿಡಿದಿದ್ದರೆ ಅವನಿಗೂ ಕೇಳುತ್ತಿತ್ತು. ಅವಳು ಕಿಟಕಿ ಮುಚ್ಚಿದಳು.

"ಗೊತ್ತಿಲ್ಲ," ಎಂದು ಫೋನ್ ಇಟ್ಟಳು.